ನೂಲು ಬಿದ್ದ ಪುಟ

ಮೊಮ್ಮಗ ಶಹಾಬಾದಿನಲ್ಲಿ ಹೊಸ ಮನೆ ಕಟ್ಟಿಸಿದ್ದಾನೆ. ಒಳ್ಳೆಯ ಮನೆಯೇ. ನೆಲಕ್ಕೆ ಉಜ್ಜಿ ಹೊಳಪು ಕೊಟ್ಟ ಫರಸಿ ಕಲ್ಲು, ಅಡುಗೆಮನೆಯಲ್ಲಿ ನಲ್ಲಿ, ಮೆಟ್ಟಿಲು ಹತ್ತಲಾರದ ನನಗೆಂದು ಕೆಳಗೊಂದು ಕೋಣೆ. ಮನೆ ಪ್ರಾರ್ಥನೆಗೆ ಬಾ ಅಂದ, ಹೋದೆ. ಹೊಸ್ತಿಲು ದಾಟುವ ಮೊದಲೇ ಲೋಬಾನದ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಯ ಜಾಡು ಹಿಡಿದು ನಡೆದರೆ ನಡುಮನೆಯ ಗಾಜಿನ ಕಪಾಟು ಸಿಕ್ಕಿತು. ಅದರೊಳಗೆ ಕೆಂಪು ಮಖಮಲ್ಲಿನಲ್ಲಿ ಸುತ್ತಿದ ಒಂದು ಗಂಟು, ಗಂಟಿನ ಮೇಲೆ ಪ್ಲಾಸ್ಟಿಕ್ ಹೂವಿನ ಹಾರ, ಮುಂದೆ ಹೊಗೆಯಾಡುವ ಬಟ್ಟಲು. ಗಂಟಿನ ಗಾತ್ರ ನೋಡಿದ ಕೂಡಲೇ ಅದು ಏನೆಂದು ತಿಳಿಯಿತು. ಅದು ನನ್ನ ಅಕ್ಕನ ಸತ್ಯವೇದ.

ನನಗೆ ಎಂಬತ್ತು ದಾಟಿದೆ. ಈ ವಯಸ್ಸಿಗೆ ಸಿಟ್ಟು ತಣ್ಣಗಾಗಬೇಕು ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ನನ್ನದು ಆಗಿಲ್ಲ. ಆ ಕೆಂಪು ಬಟ್ಟೆ ಕಂಡದ್ದೇ ತಡ, ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು.

"ಇದಕ್ಕ ಅರಿವಿ ಸುತ್ತಿದವರು ಯಾರು?" ಎಂದು ಕೇಳಿದೆ.

"ನಾನೇ ಅಜ್ಜಿ. ಹಳೇದು ಅದಲ್ಲ, ಧೂಳ ಹತ್ತಬಾರ್ದು ಅಂತ. ಮನಿಗೆ ಒಂದು ಕಾವಲು ಇದ್ದಂಗ ಇರತದ," ಎಂದ ಮೊಮ್ಮಗ. ಹೆಮ್ಮೆಯಿಂದಲೇ ಹೇಳಿದ.

"ಓದತೀಯೇನು?"

"ನನಗ ಕನ್ನಡ ಓದಲಿಕ್ಕ ಎಲ್ಲಿ ಬರತದ ಅಜ್ಜಿ? ಇಂಗ್ಲಿಷ್ ಮೀಡಿಯಂದಾಗ ಹಾಕಿದ್ರಲ್ಲ. ಆದ್ರ ದಿನಾ ಮುಂಜಾನಿ ಫೋನಿಗೆ ಒಂದು ವಾಕ್ಯ ಬರತದ. ಅದನ್ನ ಮಾತ್ರ ತಪ್ಪಿಸಂಗಿಲ್ಲ."

ದಿನಕ್ಕೊಂದು ವಾಕ್ಯ. ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಕಾವಲು ಎಂಬ ಮಾತನ್ನು ಇದೇ ಪುಸ್ತಕದ ಬಗ್ಗೆ ನನ್ನ ಅಪ್ಪನ ಬಾಯಲ್ಲೂ ಕೇಳಿದ್ದೆ. ಒಂದೇ ವಾಕ್ಯ ಒಂದು ಹೆಣ್ಣಿನ ಬಾಳನ್ನು ಏನು ಮಾಡಿತು ಎಂಬುದನ್ನು ರಾವೂರಿನ ಒಂದು ಸುಗ್ಗಿಯಲ್ಲಿ ಕಣ್ಣಾರೆ ಕಂಡಿದ್ದೇನೆ.

ರಜಾಕಾರರ ಗಲಾಟೆ ಹತ್ತುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು ಇದು. ನಿಜಾಮರ ಆಳ್ವಿಕೆ. ರಾವೂರಿನಿಂದ ಕಲ್ಲಿನ ಖಣಿಗಳಿಗೆ ಹೋಗುವ ದಾರಿಯಲ್ಲಿ, ಊರಿನ ಹೊರಗೆ, ನಮ್ಮ ಓಣಿ ಇತ್ತು. ಇದ್ದ ಮನೆಗಳೆಲ್ಲ ಕ್ರೈಸ್ತರವು, ನಮ್ಮ ಅಜ್ಜಂದಿರ ಕಾಲಕ್ಕೆ ದೀಕ್ಷಾಸ್ನಾನ ಪಡೆದವರು. ಗಂಡಸರು ಖಣಿಯಲ್ಲಿ ಫರಸಿ ಎಬ್ಬಿಸುತ್ತಿದ್ದರು. ಹೆಂಗಸರು ಗೌಡರ ಹೊಲದಲ್ಲಿ ಕಳೆ ತೆಗೆದು, ಜೋಳ ಕೊಯ್ದು, ಕೊಯ್ಲು ಮುಗಿದ ಮೇಲೆ ಹೊಲದಲ್ಲಿ ಉದುರಿ ಉಳಿದ ತೆನೆಗಳನ್ನು ಆಯ್ದು ತರುತ್ತಿದ್ದರು. ಹೀಗೆ ಆಯುವುದಕ್ಕೆ ನಮ್ಮಲ್ಲಿ ಹಕ್ಕಲು ಆರಿಸುವುದು ಎನ್ನುತ್ತಾರೆ. ಬಡವರ ಮನೆಯ ಮೂರು ತಿಂಗಳ ರೊಟ್ಟಿ ಆ ಹಕ್ಕಲಿನಿಂದಲೇ ಆಗುತ್ತಿತ್ತು. ಸರಕಾರಿ ಶಾಲೆಯಲ್ಲಿ ಕಲಿಸುತ್ತಿದ್ದುದು ಉರ್ದು. ಓಣಿಯ ಒಬ್ಬಿಬ್ಬರು ಆ ಅಕ್ಷರ ಗುರುತಿಸುತ್ತಿದ್ದರೇ ಹೊರತು ಕನ್ನಡ ಓದುವವರು ಒಬ್ಬರೂ ಇರಲಿಲ್ಲ.

ಅಜ್ಜನಿಗೆ ದೀಕ್ಷಾಸ್ನಾನದ ದಿನ ಮಿಷನ್ನಿನ ಯಾರೋ ದೊರೆಸಾನಿ ಕೊಟ್ಟ ಕನ್ನಡ ಸತ್ಯವೇದ ನಮ್ಮ ಮನೆಯ ಗೋಡೆಗೂಡಿನಲ್ಲಿತ್ತು. ಇಡೀ ಓಣಿಗೆ ಅದೊಂದೇ. ಅದಕ್ಕೆ ಕೆಂಪು ಬಟ್ಟೆ ಸುತ್ತಿದ್ದರು. ಭಾನುವಾರ ಲೋಬಾನ ಹಾಕುತ್ತಿದ್ದರು. ಕಳವಿನ ತಕರಾರು ಬಂದರೆ ಅದರ ಮೇಲೆ ಕೈಯಿಟ್ಟು ಆಣೆ ಮಾಡಿಸುತ್ತಿದ್ದರು. ಕೂಸಿಗೆ ಜ್ವರ ಬಂದರೆ ದಿಂಬಿನ ಕೆಳಗೆ ಇಡುತ್ತಿದ್ದರು. ಮುಟ್ಟಾದ ಹೆಂಗಸರು ಆ ಗೂಡಿನ ಕಡೆ ಸುಳಿಯುವಂತಿರಲಿಲ್ಲ. ಪುಸ್ತಕಕ್ಕೆ ಏನೇನು ಮಾಡಬಹುದೋ ಅದನ್ನೆಲ್ಲ ಮಾಡುತ್ತಿದ್ದರು, ಓದುವುದೊಂದನ್ನು ಬಿಟ್ಟು. ನಾನು ಚಿಕ್ಕವಳಿದ್ದಾಗ ಒಮ್ಮೆ ಆ ಕೆಂಪು ಬಟ್ಟೆ ಬಿಚ್ಚಲು ಹೋಗಿ ಬೈಸಿಕೊಂಡಿದ್ದೆ. "ಅದು ನಮ್ಮ ಮನಿ ಕಾವಲು. ಕಾವಲ್ದವರನ್ನ ಸುಮ್ಮಸುಮ್ಮನ ಎಬ್ಬಿಸಬಾರ್ದು," ಎಂದಿದ್ದ ಅಪ್ಪ.

ಕಾವಲಿನವರನ್ನು ಎಬ್ಬಿಸುವ ಅಧಿಕಾರ ಇದ್ದದ್ದು ಉಪದೇಶಿ ಯೋಬಪ್ಪನವರಿಗೆ. ಪಾದ್ರಿಗಳ ಕೈಕೆಳಗೆ ಹಳ್ಳಿ ಸುತ್ತಿ ಪ್ರಾರ್ಥನೆ ನಡೆಸುವವರನ್ನು ಉಪದೇಶಿ ಎನ್ನುತ್ತಿದ್ದರು, ಮಾತಾಡಿಸುವಾಗ ಅಯ್ನೋರು. ಎರಡು ವಾರಕ್ಕೊಮ್ಮೆ ಚಿತ್ತಾಪುರದಿಂದ ತಟ್ಟು ಕುದುರೆಯ ಮೇಲೆ ಬರುತ್ತಿದ್ದರು. ಯಾರಿಗಾದರೂ ದೊಡ್ಡ ಪ್ರಶ್ನೆ ಎದುರಾದರೆ ಆ ದಿನ ಪುಸ್ತಕ ಕೇಳುತ್ತಿದ್ದರು. ಕೇಳುವುದು ಎಂದರೆ ಹೀಗೆ: ಅಯ್ನೋರು ಒಂದು ಬಿಳಿ ನೂಲನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದು, ಕಣ್ಣು ಮುಚ್ಚಿ, ಮುಚ್ಚಿದ ಪುಸ್ತಕದ ಹಾಳೆಗಳ ನಡುವೆ ಇಳಿಸುವರು. ಅದು ಇಳಿದ ಕಡೆ ಪುಸ್ತಕ ಬಿಚ್ಚುವರು. ನೂಲು ಯಾವ ವಾಕ್ಯದ ಮೇಲೆ ಬಿದ್ದಿದೆಯೋ ಅದನ್ನು ಓದುವರು. ಅದೇ ದೇವರ ಉತ್ತರ, ಅದರ ಮೇಲೆ ಮಾತಿಲ್ಲ. ಬಾವಿ ತೋಡುವ ಜಾಗ, ಎತ್ತು ಮಾರುವ ಸಮಯ, ಹೆಣ್ಣು ಕೊಡುವ ಮನೆ, ಎಲ್ಲವನ್ನೂ ನೂಲೇ ಹೇಳುತ್ತಿತ್ತು.

ಅಕ್ಕನ ಹೆಸರು ಎಸ್ತೇರಮ್ಮ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳ ನಗು ಓಣಿಯ ಈ ತುದಿಯಿಂದ ಆ ತುದಿಗೆ ಕೇಳುತ್ತಿತ್ತು. ನಮ್ಮ ಅವ್ವ ಬೇಗ ಸತ್ತಿದ್ದರಿಂದ ನನ್ನ ತಲೆ ಬಾಚಿ, ಎಣ್ಣೆ ಹಚ್ಚಿ, ಬೈದು ಬೆಳೆಸಿದವಳು ಅವಳೇ. ಮದುವೆಯಾದ ಎರಡನೆಯ ವರ್ಷಕ್ಕೆ ಗಂಡ ಖಣಿಯಲ್ಲಿ ಕಲ್ಲಿನಡಿ ಸಿಕ್ಕಿ ಸತ್ತ. ಅಕ್ಕ ತವರಿಗೆ ಬಂದಳು. ಇಪ್ಪತ್ತರ ಆಸುಪಾಸಿನ ಹೆಣ್ಣು.

ವಾಡಿ ಸ್ಟೇಷನ್ನಿನಲ್ಲಿ ಸಮುವೇಲ ಎಂಬ ಖಲಾಸಿ ಇದ್ದ. ವಾಡಿಯಲ್ಲಿ ರೈಲ್ವೆ ಸಾಹೇಬರು ಇಂಗ್ಲಿಷಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದರು, ಅಲ್ಲಿ ಇವನನ್ನು ಕೇಳುವವರಿಲ್ಲ. ಹಾಗಾಗಿ ಭಾನುವಾರ ನಮ್ಮ ಓಣಿಗೆ ನಡೆದು ಬರುತ್ತಿದ್ದ. ಅಕ್ಕನನ್ನು ಮದುವೆಯಾಗುತ್ತೇನೆ ಎಂದು ಅಪ್ಪನನ್ನು ಕೇಳಿದ. ಅಕ್ಕನಿಗೂ ಮನಸ್ಸಿತ್ತು. ಅಪ್ಪನಿಗೂ ಬೇಡವಿರಲಿಲ್ಲ. ನಮ್ಮ ಹಿಂದಿನವರಲ್ಲಿ ಗಂಡ ಸತ್ತ ಹೆಣ್ಣಿಗೆ ಉಡಿಕಿ ಮಾಡಿ ಮತ್ತೊಬ್ಬನಿಗೆ ಕೊಡುವ ಪದ್ಧತಿ ಇತ್ತು. ಕ್ರೈಸ್ತರಾದ ಮೇಲೆ ಅದು ಸರಿಯೋ ತಪ್ಪೋ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಎರಡು ಹೆಜ್ಜೆ ದೂರದ ಗೂಡಿನಲ್ಲಿ ಪುಸ್ತಕ ಇತ್ತು, ಆದರೂ ಗೊತ್ತಿರಲಿಲ್ಲ. ಅದಕ್ಕೆ ಪುಸ್ತಕ ಕೇಳಿದರು.

ನಾನು ಆಗ ಊರಲ್ಲಿರಲಿಲ್ಲ. ಮಿಷನ್ನಿನ ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ ಏಳನೆಯ ತರಗತಿ ಮುಗಿಸುತ್ತಿದ್ದೆ. ಜೋಳ ಬಿತ್ತುವ ಹೊತ್ತಿನಲ್ಲಿ ನೂಲು ಇಳಿಸಿದರಂತೆ. ವಿಧವೆಯರ ಬಗ್ಗೆ ಇದ್ದ ಪುಟವೇ ಬಿಚ್ಚಿಕೊಂಡಿತಂತೆ. ಎಲ್ಲರ ಮೈ ಜುಮ್ಮೆಂದಿತಂತೆ. ನೂಲು ಬಿದ್ದ ವಾಕ್ಯವನ್ನು ಅಯ್ನೋರು ಓದಿದರು: ಸುಖಕ್ಕೆ ಮನಸ್ಸು ಕೊಟ್ಟು ಬಾಳುವ ವಿಧವೆ ಬದುಕಿದ್ದರೂ ಸತ್ತವಳೇ ಎಂಬ ಅರ್ಥದ ವಾಕ್ಯ. ಅಷ್ಟೇ ಓದಿ, ನೂಲನ್ನು ಆ ಪುಟದಲ್ಲೇ ಬಿಟ್ಟು ಪುಸ್ತಕ ಮುಚ್ಚಿದರು. ದೇವರೇ ಹೇಳಿದ ಮೇಲೆ ಇನ್ನೇನು ಎಂದು ಮಂದಿ ಎದ್ದು ಹೋದರು.

ಕ್ರಿಸ್‌ಮಸ್ಸಿಗೆ ನಾನು ಏಳನೆಯದು ಮುಗಿಸಿ ಬೋರ್ಡಿಂಗು ಬಿಟ್ಟು ಬಂದೆ. ಮರುದಿನ ಅಕ್ಕನ ಜೊತೆ ಬಾವಿಗೆ ಹೋದಾಗ ಹುಡುಗರು ದೂರ ಸರಿದು ಕೂಗಿದರು, "ಸತ್ತಾಕಿ ಬಂದ್ಲು, ಸತ್ತಾಕಿ ಬಂದ್ಲು."

"ಏನಕ್ಕ ಇದು?"

"ಪುಸ್ತಕದಾಗ ಬಂದದಲ್ಲ, ನಾ ಸತ್ತೀನಂತ." ಅಕ್ಕ ಹಗ್ಗ ಎಳೆಯುವುದನ್ನು ನಿಲ್ಲಿಸಲಿಲ್ಲ. "ನೋಡು, ಸತ್ತಾಕಿ ನೀರು ಸೇದಲಿಕತ್ತಾಳ."

ಅವಳು ನಗಲಿಲ್ಲ. ನಾನು ಬಂದು ಒಂದು ದಿನವಾಗಿತ್ತು, ಅವಳ ನಗು ಇನ್ನೂ ಕೇಳಿರಲಿಲ್ಲ. ಮನೆಗೆ ಬಂದವಳೇ ಅಪ್ಪನಿಗೆ ಹೇಳಿದೆ, ಪುಸ್ತಕ ಕೊಡು, ಆ ಪುಟ ನೋಡುತ್ತೇನೆ ಎಂದು. ಬೋರ್ಡಿಂಗಿನಲ್ಲಿ ನಮಗೆ ಸುವಾರ್ತೆಗಳ ಸಣ್ಣ ಪುಸ್ತಕಗಳನ್ನು ಮಾತ್ರ ಓದಿಸಿದ್ದರು. ಇಡೀ ಸತ್ಯವೇದ ನನ್ನ ಕೈಗೆ ಒಮ್ಮೆಯೂ ಬಂದಿರಲಿಲ್ಲ.

"ಸುಗುಣಾ, ನಿನಗ ಓದಲಿಕ್ಕ ಬರತದ, ಖರೇ," ಎಂದ ಅಪ್ಪ. "ಆದ್ರ ಓದೂದು ಬ್ಯಾರೆ, ಪುಸ್ತಕ ಕೇಳೂದು ಬ್ಯಾರೆ. ಒಮ್ಮಿ ಕೇಳಿ ಆಗ್ಯದ. ಮತ್ತ ಕೆದರಬ್ಯಾಡ."

ಅಪ್ಪ ಕೆಟ್ಟವನಲ್ಲ. ಅಕ್ಕನ ತಟ್ಟೆಗೆ ತನ್ನ ರೊಟ್ಟಿಯ ಅರ್ಧ ಮುರಿದು ಹಾಕುವ ಮನುಷ್ಯ. ಅಂಥವನು ಮಗಳಿಗೆ ಸತ್ತವಳೆಂಬ ಹೆಸರು ಬಿದ್ದದ್ದನ್ನು ದಿನಾ ಕೇಳಿಕೊಂಡು ಸುಮ್ಮನಿದ್ದ. ಆ ಸುಮ್ಮನಿದ್ದದ್ದಕ್ಕೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಕ್ರಿಸ್‌ಮಸ್ಸಿನ ಪ್ರಾರ್ಥನೆ ಮುಗಿದ ಮೇಲೆ ಸಮುವೇಲ ನನ್ನನ್ನು ಬೇವಿನ ಮರದ ಹತ್ತಿರ ನಿಲ್ಲಿಸಿದ. "ತಂಗಿ, ನಿಮ್ಮಕ್ಕಗ ಹೇಳು. ಸುಗ್ಗಿ ತನಕ ನಾ ನಿಂದರತೀನಿ. ನಮ್ಮವ್ವ ಕುರಕುಂಟಾದಾಗ ಒಂದು ಹೆಣ್ಣು ನೋಡ್ಯಾಳ. ಸುಗ್ಗಿ ದಾಟಿದ್ರ ಅಕಿ ಮಾತು ಮೀರಲಿಕ್ಕ ನನ್ನ ಕೈಲೆ ಆಗಂಗಿಲ್ಲ." ನಾನು ಹೇಳಿದೆ. ಅಕ್ಕ ಕೇಳಿಸಿಕೊಂಡಳು. ಸುಗ್ಗಿ ಎಷ್ಟು ತಡವಾಗಿ ಬಂದರೆ ಅಷ್ಟು ಒಳ್ಳೆಯದೆಂದು ಬಯಸಿದ ಹೆಣ್ಣು ಆ ವರ್ಷ ರಾವೂರಿನಲ್ಲಿ ಅವಳೊಬ್ಬಳೇ ಇರಬೇಕು.

ಸುಗ್ಗಿಯೇನೋ ಬೇಗ ಬಂತು. ಚಳಿ ಹಿಂದೆ ಸರಿಯಿತು, ಬಿಸಿಲಿಗೆ ಎರೆಹೊಲದ ಬಿರುಕುಗಳು ಕಾಲು ಸಿಕ್ಕಿಬೀಳುವಷ್ಟು ಬಾಯಿಬಿಟ್ಟವು. ಬಿಳಿಜೋಳದ ತೆನೆ ಕಾಳು ಗಟ್ಟಿಯಾಗಿ ಬಾಗಿದವು. ಅಕ್ಕ ನಸುಕಿನಲ್ಲೇ ಕುಡುಗೋಲು ಹಿಡಿದು ಹೋದರೆ ಸಂಜೆ ಬರುತ್ತಿದ್ದಳು. ಅಂಥ ಒಂದು ಮಂಗಳವಾರ ಅಪ್ಪನಿಗೆ ಚಳಿಜ್ವರ ಬಂತು. ಎರಡು ಕಂಬಳಿ ಹೊದಿಸಿದರೂ ನಡುಗುತ್ತಿದ್ದ. ದೊಡ್ಡವ್ವ ಬಂದು ಗೂಡಿನಿಂದ ಪುಸ್ತಕ ತೆಗೆದು ಅವನ ದಿಂಬಿನ ಕೆಳಗಿಟ್ಟು ಹೊಲಕ್ಕೆ ಹೋದಳು. ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ. ಗಂಡ ಸತ್ತು, ಮಕ್ಕಳಿಲ್ಲದೆ, ಪಕ್ಕದ ಗುಡಿಸಲಿನಲ್ಲಿ ಒಬ್ಬಳೇ ಇದ್ದಳು.

ಮಧ್ಯಾಹ್ನ ಅಪ್ಪ ಬೆವರಿ ಮಗ್ಗುಲಾದಾಗ ಬಟ್ಟೆಯ ಗಂಟು ಸಡಿಲಿತು. ಕೆಂಪು ಬಟ್ಟೆಯ ಸಂದಿಯಿಂದ ಬಿಳಿ ನೂಲಿನ ತುದಿ ಹೊರಗೆ ಇಳಿಬಿದ್ದಿತ್ತು. ಅದನ್ನು ಕಂಡ ಮೇಲೆ ನನಗೆ ಯಾವ ಹೆದರಿಕೆಯೂ ಉಳಿಯಲಿಲ್ಲ. ಪುಸ್ತಕ ಎಳೆದುಕೊಂಡೆ, ನೂಲು ಇದ್ದ ಪುಟ ಬಿಚ್ಚಿದೆ. ಅಪ್ಪ ಕಣ್ಣು ತೆರೆದು "ಮುಟ್ಟಬ್ಯಾಡ" ಎಂದ. ನಾನು ಆಗಲೇ ಓದತೊಡಗಿದ್ದೆ.

ಅದು ಅಪೊಸ್ತಲನೊಬ್ಬ ತನ್ನ ಕೈಕೆಳಗಿನ ಕಿರಿಯ ಬೋಧಕನಿಗೆ ಕ್ರೈಸ್ತ ಸಭೆ ನಡೆಸುವ ರೀತಿ ತಿಳಿಸಿದ ಭಾಗ. ಸತ್ತವಳು ಎಂಬ ವಾಕ್ಯ ಅಲ್ಲಿತ್ತು. ಆದರೆ ಅದು ಅಕ್ಕನಂಥವಳ ಬಗ್ಗೆ ಅಲ್ಲವೇ ಅಲ್ಲ. ದೇವರ ಪರಿವೆಯಿಲ್ಲದೆ ಭೋಗದಲ್ಲಿ ಮುಳುಗಿದವಳ ಬಗ್ಗೆ. ನಾನು ಕೆಳಗೆ ಓದಿದೆ. ದಿಕ್ಕಿಲ್ಲದ ವಿಧವೆಯರನ್ನು ಸಭೆ ಸಾಕಬೇಕು ಎಂದು ಇತ್ತು. ಇನ್ನೂ ಕೆಳಗೆ ಓದಿದೆ. ಅದೇ ಪುಟ, ಒಂದು ಗೇಣು ಕೆಳಗೆ, ವಯಸ್ಸಿನ ವಿಧವೆಯರು ಮದುವೆ ಮಾಡಿಕೊಂಡು ಮಕ್ಕಳನ್ನು ಹೆತ್ತು ಮನೆ ನಡೆಸಲಿ, ನನ್ನ ಇಷ್ಟ ಇದೇ ಎಂದು ಆ ಅಪೊಸ್ತಲನೇ ಬರೆದಿದ್ದ. ನಾನು ಬೆರಳಿಟ್ಟು ಮತ್ತೊಮ್ಮೆ ಓದಿದೆ. ಅಕ್ಷರ ಬದಲಾಗಲಿಲ್ಲ. ಬಿತ್ತನೆಯ ದಿನ ಅಯ್ನೋರು ಇನ್ನು ನಾಲ್ಕು ಉಸಿರು ಮುಂದೆ ಓದಿದ್ದರೆ ಅಕ್ಕನ ಮದುವೆಗೆ ಅಲ್ಲೇ ಒಪ್ಪಿಗೆ ಸಿಗುತ್ತಿತ್ತು. ಇಷ್ಟು ವರ್ಷ ಪಾಠ ಹೇಳಿದ್ದೇನೆ, ಎಷ್ಟೋ ಮೈಗಳ್ಳರನ್ನು ನೋಡಿದ್ದೇನೆ. ಆ ಮೈಗಳ್ಳತನಕ್ಕೆ ಸಮನಾದದ್ದನ್ನು ಮತ್ತೆ ಕಂಡಿಲ್ಲ.

ಸಂಜೆ ಅಕ್ಕನಿಗೆ ಓದಿ ಹೇಳಿದೆ. ಮೈಯೆಲ್ಲ ಜೋಳದ ಸುಂಕು ಹತ್ತಿದವಳು ಬಾಗಿಲಲ್ಲೇ ನಿಂತು ಕೇಳಿದಳು. "ಮತ್ತೊಮ್ಮಿ ಓದು," ಎಂದಳು. ಓದಿದೆ. ಹೋಗಿ ಮುಖ ತೊಳೆದು, ತಲೆ ಬಾಚಿಕೊಂಡು ಬಂದಳು. "ಅಪ್ಪ, ನಾಳಿ ವಾಡಿಗೆ ಹೋಗಿ ಬಾ. ನಿನಗ ಜ್ವರ ಇದ್ರ ನಾನೇ ಸುಗುಣಾನ ಕರಕೊಂಡು ಹೋಗತೀನಿ."

"ಅಯ್ನೋರು ಬರಲಿ. ಐತವಾರ ಬರತಾರ," ಎಂದ ಅಪ್ಪ.

"ಪುಸ್ತಕದಾಗೇ ಅದಲ್ಲ ಅಪ್ಪ."

"ಅವರ ಬಾಯಿಲೆ ಬರಲಿ. ಇಲ್ಲಂದ್ರ ಸಭಾದ ಹೊರಗ ಹಾಕತಾರ. ಆಮ್ಯಾಲ ನಮ್ಮ ಹೆಣ ಹೊರಲಿಕ್ಕೂ ಯಾರೂ ಬರಂಗಿಲ್ಲ."

ಕಾದೆವು. ಬರೆದದ್ದು ಕಣ್ಣೆದುರಿಗೆ ಇತ್ತು, ಓದುವ ಬಾಯಿ ಮನೆಯಲ್ಲೇ ಇತ್ತು. ಆದರೂ ಚಿತ್ತಾಪುರದಿಂದ ಒಂದು ತಟ್ಟು ಕುದುರೆ ಬರಲಿ ಎಂದು ಭಾನುವಾರದ ತನಕ ಕಾದೆವು. ಅಕ್ಕ ಆ ದಿನಗಳಲ್ಲಿ ಎರಡು ಸಲ ನಕ್ಕಳು. ಒಮ್ಮೆ ಸುಟ್ಟ ರೊಟ್ಟಿಗೆ, ಒಮ್ಮೆ ಏನೂ ಇಲ್ಲದೆ.

ಭಾನುವಾರ ಪ್ರಾರ್ಥನೆ ಮುಗಿದ ಕೂಡಲೇ ನಾನು ಪುಸ್ತಕ ತಂದು ಯೋಬಪ್ಪನವರ ಮುಂದೆ ಬಿಚ್ಚಿಟ್ಟೆ. ಹುಡುಗಿಯೊಬ್ಬಳು ಪುಸ್ತಕದ ಬಟ್ಟೆ ಬಿಚ್ಚಿದಳೆಂದು ಮಂದಿ ಗುಸುಗುಸು ಎಂದರು.

"ಅಯ್ನೋರ, ಇಲ್ಲಿ ಓದ್ರಿ. ನೂಲು ಬಿದ್ದದ್ದರ ಕೆಳಗ."

ಅವರು ಪುಸ್ತಕವನ್ನು ದೂರ ಹಿಡಿದು, ತುಟಿ ಅಲುಗಿಸುತ್ತ ಬಹಳ ಹೊತ್ತು ಓದಿದರು. "ಹೌದು. ಹಂಗೇ ಅದ," ಎಂದರು.

"ಮತ್ತ ಅವತ್ತು ಯಾಕ ಓದಲಿಲ್ರಿ?"

"ನೂಲು ಇಲ್ಲಿ ಬಿದ್ದಿರಲಿಲ್ಲ, ತಂಗಿ. ಮ್ಯಾಲ ಬಿದ್ದಿತ್ತು."

"ಒಂದು ಗೇಣು ಕೆಳಗ ಬಿದ್ದಿದ್ರ ನಮ್ಮಕ್ಕ ಬದುಕತಿದ್ಲೇನ್ರಿ?"

ಅಪ್ಪ ನನ್ನ ರಟ್ಟೆ ಹಿಡಿದ. ನಾನು ಬಿಡಿಸಿಕೊಂಡೆ. "ಈ ಪುಟ ನೀವು ಯಾವತ್ತರ ಪೂರಾ ಓದೀರೇನ್ರಿ ಅಯ್ನೋರ?"

ಅವರಿಗೆ ಸಿಟ್ಟು ಬರಬಹುದು ಎಂದುಕೊಂಡಿದ್ದೆ. ಬರಲಿಲ್ಲ. "ನಮಗ ಕಲಿಸಿದ್ದು ಮುಖ್ಯ ಮುಖ್ಯ ವಾಕ್ಯ, ಬಾಯಿಪಾಠ," ಎಂದರು ಮೆಲ್ಲಗೆ. "ಇಷ್ಟು ಹಳ್ಳಿ ತಿರಗಬೇಕು. ಪೂರಾ ಓದಲಿಕ್ಕ ಪುರಸತ್ತು ಎಲ್ಲಿ ಸಿಗತದವ್ವ?" ಆಮೇಲೆ ಜೇಬಿನಿಂದ ಹೊಸ ನೂಲು ತೆಗೆದರು. "ತಕರಾರು ಬ್ಯಾಡ. ಮತ್ತೊಮ್ಮಿ ಕೇಳೂಣು."

ಉತ್ತರ ಅಚ್ಚಾಗಿ ಮುಂದೆ ಬಿದ್ದಿದ್ದರೂ ಅದನ್ನು ಮುಚ್ಚಿ ಮತ್ತೆ ನೂಲು ಇಳಿಸಿದರು. ಓಣಿಯವರು ಭಯಭಕ್ತಿಯಿಂದ ತಲೆ ಬಾಗಿಸಿದರು. ಬಿಚ್ಚಿದರೆ ಸುವಾರ್ತೆಯ ಮೊದಲ ಪುಟದ ವಂಶಾವಳಿ ಬಂತು. ಇಂಥವನು ಇಂಥವನನ್ನು ಪಡೆದನು, ಅವನು ಮತ್ತೊಬ್ಬನನ್ನು ಪಡೆದನು ಎಂದು ಪುಟದ ತುಂಬ ಹೆಸರುಗಳು. ಅಯ್ನೋರು ಒಂದು ಹೆಸರು ಓದಿ, ಬೆವರು ಒರೆಸಿಕೊಂಡು, "ಇದರಾಗ ಹೌದೂ ಇಲ್ಲ, ಅಲ್ಲನೂ ಇಲ್ಲ. ಸಬೂರಿಲೆ ಇರ್ರಿ ಅಂತ ಅರ್ಥ," ಎಂದರು.

ಹಿಂದಿನ ಸಾಲಿನಿಂದ ದೊಡ್ಡವ್ವ ಎದ್ದಳು. "ಯಾರಿಗೆ ಯಾರು ಹುಟ್ಯಾರ ಅಂತ ನಾವು ಕೇಳಿಲ್ರಿ ಅಯ್ನೋರ. ನಮ್ಮ ಹುಡುಗಿ ಮದಿವಿ ಕೇಳೀವಿ. ಪುಸ್ತಕ ಆ ಸುಗುಣಾನ ಕೈಯಾಗ ಕೊಡ್ರಿ. ಅಕಿ ಪೂರಾ ಓದಲಿ."

ಯೋಬಪ್ಪನವರು ಪುಸ್ತಕ ನನಗೆ ಕೊಟ್ಟರು. ನಾನು ಆ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ದಿಕ್ಕಿಲ್ಲದ ಮುದುಕಿಯರನ್ನು ಸಭೆ ಸಾಕಬೇಕು ಎಂಬಲ್ಲಿಗೆ ಬಂದಾಗ ದೊಡ್ಡವ್ವ ನಿಲ್ಲಿಸಿದಳು. "ಅದನ್ನ ಮತ್ತೊಮ್ಮಿ ಹೇಳು. ಹಂಗಂದ್ರ ಇಷ್ಟು ವರ್ಷ ನನಗ ಯಾಕ ಯಾರೂ ಒಂದು ಸೇರು ಜ್ವಾಳ ಹಾಕಿಲ್ಲ?" ಗಂಡಸರು ನೆಲ ನೋಡಿದರು, ಅಪ್ಪನೂ ನೋಡಿದ. ಪುಸ್ತಕಕ್ಕೆ ಬಟ್ಟೆ ಯಾಕೆ ಅಷ್ಟು ಬಿಗಿಯಾಗಿ ಕಟ್ಟಿದ್ದರು ಎಂಬುದು ನನಗೆ ಆಗ ಅರ್ಥವಾಯಿತು. ಮುಚ್ಚಿದ ಪುಸ್ತಕ ಯಾರಿಗೂ ಏನೂ ಮಾಡೆಂದು ಹೇಳುವುದಿಲ್ಲ.

ಸೋಮವಾರ ಅಪ್ಪ ಬಡಿಗೆ ಊರಿಕೊಂಡು ವಾಡಿಗೆ ಹೋದ. ಅಕ್ಕ ಹೊಲಕ್ಕೆ ಹೋಗದೆ ಹೊಸ್ತಿಲ ಮೇಲೆ ಕುಳಿತಳು. ಹೊತ್ತು ಇಳಿಯುವಾಗ ಅಪ್ಪ ಬಂದ. ನೀರು ಕೊಟ್ಟರೆ ಕುಡಿಯಲಿಲ್ಲ.

"ಮೊನ್ನಿ ಶುಕ್ರವಾರ ಕುರಕುಂಟಾದಾಗ ಮದಿವಿ ಆತಂತ," ಎಂದ. "ಬುಧವಾರ ತನಕ ದಾರಿ ನೋಡಿದನಂತ. ಅವರವ್ವ ಬಂದು ಕರಕೊಂಡು ಹೋದ್ಲಂತ."

ಮಂಗಳವಾರ ನಮಗೆ ವಾಕ್ಯ ಸಿಕ್ಕಿತ್ತು. ವಾಡಿಗೆ ಅರ್ಧ ದಿನದ ನಡಿಗೆಯೂ ಇಲ್ಲ. ನಾನು ಅಪ್ಪನ ಮೇಲೆ ಕೂಗಾಡಿದೆ, ಸತ್ತ ಅಜ್ಜನನ್ನು ಬೈದೆ, ಪುಸ್ತಕ ಕೊಟ್ಟು ಅಕ್ಷರ ಕೊಡದೆ ಹೋದ ದೊರೆಸಾನಿಯನ್ನು ಬೈದೆ, ಕೊನೆಗೆ ಪುಸ್ತಕವನ್ನೇ ಬೈಯುತ್ತ ಅದನ್ನು ಮುಚ್ಚಿ ಗೂಡಿಗೆ ಎಸೆಯಲು ಹೋದೆ. ಅಕ್ಕ ಎದ್ದು ಬಂದು ನನ್ನ ಕೈ ಹಿಡಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

"ಮುಚ್ಚಬ್ಯಾಡ," ಎಂದಳು. "ಅದೇನು ಮಾಡ್ಯದ? ಮೊದಲಿನಿಂದ ಓದು. ಇನ್ನೂ ಏನೇನು ಸುತ್ತಿ ಇಟ್ಟಾರ ನೋಡೂಣು."

ಅಂದಿನಿಂದ ಓದಿದೆವು. ಹಕ್ಕಲು ಆರಿಸಿ ಬಂದ ಹೆಂಗಸರು ನಮ್ಮ ಅಂಗಳದಲ್ಲಿ ತೆನೆ ಬಡಿಯುತ್ತ ಕೂರುತ್ತಿದ್ದರು, ಬೆಳಕು ಇರುವ ತನಕ ನಾನು ಓದುತ್ತಿದ್ದೆ. ಒಂದು ವಾಕ್ಯವನ್ನೂ ಬಿಡುವಂತಿರಲಿಲ್ಲ. ಬೇಸರ ಬರುವ ಕಡೆ ಬೇಸರಪಟ್ಟುಕೊಂಡೇ ಓದಿದೆವು. ತಿಳಿಯದ್ದನ್ನು ತಿಳಿಯಲಿಲ್ಲ ಎಂದು ಹೇಳಿ ಮುಂದೆ ಹೋದೆವು. ದೊಡ್ಡವ್ವ ಅರಸರ ಜೊತೆ ಜಗಳ ಆಡುತ್ತಿದ್ದಳು, ಪ್ರವಾದಿಗಳಿಗೆ ಬುದ್ಧಿ ಹೇಳುತ್ತಿದ್ದಳು. ಒಂದು ದಿನ ಗಂಡ ಸತ್ತ ಹೆಣ್ಣೊಬ್ಬಳು ಅತ್ತೆಯ ಜೊತೆ ಪರವೂರಿಗೆ ಬಂದು ಹಕ್ಕಲು ಆರಿಸಲು ಹೋಗುವ ಕಥೆ ಬಂತು. ತೆನೆ ಬಡಿಯುವ ಸದ್ದು ತಾನಾಗಿ ನಿಂತಿತು. "ನಮ್ಮಂಗೇ ಹಕ್ಕಲ ಆರಸ್ತಾಳೇನು?" ಎಂದಳು ಒಬ್ಬಳು. ಆ ಹೊಲದ ಧಣಿ ಅವಳನ್ನು ಕಂಡು, ಊರ ಹಿರಿಯರ ಎದುರಿಗೆ ಮದುವೆಯಾಗುತ್ತಾನೆ. ಅವಳ ವಂಶದಲ್ಲೇ ಕರ್ತನು ಹುಟ್ಟಿದ. ಅದಕ್ಕೇ ಸುವಾರ್ತೆಯ ವಂಶಾವಳಿಯಲ್ಲಿ ಅವಳ ಹೆಸರೂ ಇದೆ. ಅಂದರೆ ಎರಡನೆಯ ಸಲ ನೂಲು ಬಿದ್ದಾಗ ಬಂದ ಆ ಹೆಸರುಗಳ ಪಟ್ಟಿಯಲ್ಲಿ ಅವಳೂ ಇದ್ದಳು. ಆ ಪಟ್ಟಿಯನ್ನು ಓದಬಲ್ಲವರಿಗೆ ಅದರಲ್ಲೂ ಹೌದು ಎಂದೇ ಇತ್ತು. ಅಕ್ಕ ಎದ್ದು ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ಬಂದು ಕುಳಿತು, ತೆನೆ ಕೈಗೆತ್ತಿಕೊಂಡು, "ಮುಂದ ಓದು," ಎಂದಳು.

ಯೋಬಪ್ಪನವರು ಬಂದ ಮುಂದಿನ ಭಾನುವಾರ ನೂಲು ತರಲಿಲ್ಲ. ತಮ್ಮ ಪುಸ್ತಕ ತಂದು ಹೆಂಗಸರ ಪಕ್ಕದಲ್ಲಿ ಕುಳಿತು, ನಾನು ಓದುವುದನ್ನು ಬೆರಳಿಟ್ಟು ಹಿಂಬಾಲಿಸಿದರು. ಅವರು ಮೋಸಗಾರರಲ್ಲ, ಓದದವರು ಅಷ್ಟೆ. ಅದೇ ನನ್ನ ಸಿಟ್ಟನ್ನು ಆರಗೊಡುವುದಿಲ್ಲ. ಮೋಸಗಾರನಾಗಿದ್ದರೆ ಒಬ್ಬನನ್ನು ಬೈದು ಮುಗಿಸಬಹುದಿತ್ತು. ಇಲ್ಲಿ ದೇವರಿಗೆ ಹೆದರುವ ಒಳ್ಳೆಯ ಮಂದಿಯೆಲ್ಲ ಸೇರಿ, ದೇವರು ಏನು ಹೇಳಿದ್ದಾನೆಂದು ನೋಡುವ ತೊಂದರೆ ತೆಗೆದುಕೊಳ್ಳದೆ, ಒಬ್ಬ ಹುಡುಗಿಯನ್ನು ಸತ್ತವಳೆಂದು ಕರೆದರು. ಕ್ಷಮಿಸಬೇಕು ಎಂದು ಅದೇ ಪುಸ್ತಕದಲ್ಲಿದೆ. ಅದನ್ನೂ ಓದಿದ್ದೇನೆ, ಬೇಕಾದಷ್ಟು ಸಲ. ಇನ್ನೂ ಪೂರಾ ಆಗಿಲ್ಲ.

ಕ್ರೈಸ್ತರು ಸತ್ಯವೇದವನ್ನು ದಿನಾ ಯಾಕೆ ಓದಬೇಕು ಎಂದು ಯಾರಾದರೂ ಕೇಳಿದರೆ ನಾನು ಪುಣ್ಯದ ಮಾತು ಆಡುವುದಿಲ್ಲ. ಬೇಕಾದಾಗ ಮಾತ್ರ ತೆರೆಯುವವನಿಗೆ ತನಗೆ ಬೇಕಾದ ವಾಕ್ಯವೇ ಸಿಗುತ್ತದೆ, ಅಥವಾ ಹೆದರಿದ ಮನಸ್ಸಿಗೆ ಹೆದರಿಸುವ ವಾಕ್ಯ ಸಿಗುತ್ತದೆ. ದಿನಾ ಓದುವವನಿಗೆ ಬೇಡವಾದದ್ದೂ ಸಿಗುತ್ತದೆ, ಅದು ಅವನನ್ನು ತಿದ್ದುತ್ತದೆ. ನಾವು ಓದದಿದ್ದರೆ ನಮ್ಮ ಪರವಾಗಿ ಮತ್ತೊಬ್ಬ ಓದುತ್ತಾನೆ, ತನಗೆ ಸಾಕಾದ ಕಡೆ ನಿಲ್ಲಿಸುತ್ತಾನೆ. ನಿಲ್ಲಿಸಿದ್ದರ ಕಷ್ಟ ಅನುಭವಿಸುವವರು ಮನೆಯ ಹೆಣ್ಣುಮಕ್ಕಳು. ರಾವೂರಿನಲ್ಲಿ ಆದದ್ದು ಇಷ್ಟೇ.

ಅಕ್ಕನನ್ನು ಆಮೇಲೆ ಯಾರೂ ಕೇಳಿಕೊಂಡು ಬರಲಿಲ್ಲ. ಸತ್ತಾಕಿ ಎಂಬ ಹೆಸರು ವಾಕ್ಯಕ್ಕಿಂತ ಬೇಗ ಊರೂರು ಸುತ್ತಿತ್ತು. ಆ ಮಳೆಗಾಲ ಅವಳು ನನ್ನಿಂದ ಅಕ್ಷರ ಕಲಿತಳು. ಮುಂದೆ ನಾನು ಶಿಕ್ಷಕಿಯಾಗಿ ಊರೂರು ತಿರುಗಿದೆ, ಮದುವೆಯಾದೆ, ಮಕ್ಕಳಾದವು. ಅವಳು ರಾವೂರಿನಲ್ಲೇ ಉಳಿದು ದಿನಾ ಸಂಜೆ ಓದಿದಳು, ಹೆಂಗಸರಿಗೆ ಓದಲು ಕಲಿಸಿದಳು. ಹಾಳೆಗಳ ಅಂಚುಗಳು ಅವಳ ಬೆರಳಿಗೆ ಕಪ್ಪಾದವು. ಅವಳು ತೀರಿಕೊಂಡ ದಿನ ಯಾರೋ ಪುಸ್ತಕವನ್ನು ಅವಳ ತಲೆಯ ಕೆಳಗೆ ಇಟ್ಟು ಮಣ್ಣು ಮಾಡೋಣ ಎಂದರು. ನಾನು ಇಡಗೊಡಲಿಲ್ಲ. ಓದುವವರ ಕೈಗೆ ಹೋಗಲಿ ಎಂದು ಮಗನಿಗೆ ಕೊಟ್ಟೆ. ಅದು ಮಗನಿಂದ ಮೊಮ್ಮಗನಿಗೆ ಬಂದು, ಸುತ್ತಿಕೊಂಡು, ಮತ್ತೆ ಲೋಬಾನದ ಮುಂದೆ ಕುಳಿತಿದೆ.

ಪ್ರಾರ್ಥನೆಗೆ ಬಂದವರು ಚಾಪೆ ಹಾಸಿಕೊಂಡು ಕೂರುತ್ತಿದ್ದರು. ನಾನು ಎದ್ದು ಕಪಾಟಿನ ಬಾಗಿಲು ತೆಗೆದೆ. ಹಾರ ಕಿತ್ತೆ, ಬಟ್ಟಲು ಹೊರಗಿಡಿಸಿದೆ. ಗಂಟು ಬಿಗಿಯಾಗಿತ್ತು, ಹಲ್ಲಿಲ್ಲದ ಬಾಯಿಂದ ಬಿಚ್ಚಲಾಗಲಿಲ್ಲ, ಕತ್ತರಿ ತರಿಸಿ ಕತ್ತರಿಸಿದೆ. ಮೊಮ್ಮಗ "ಅಜ್ಜಿ" ಎಂದು ಹತ್ತಿರ ಬಂದು, ನನ್ನ ಮುಖ ನೋಡಿ, ನೆಲಕ್ಕೆ ಬಿದ್ದ ಬಟ್ಟೆ ಎತ್ತಿಕೊಂಡ. ಅವನ ಹೆಂಡತಿ ಚಿಂಚೋಳಿಯ ಸರಕಾರಿ ಕನ್ನಡ ಶಾಲೆಯಲ್ಲಿ ಓದಿದವಳು. ಅವಳನ್ನು ಕರೆದು ಕೂರಿಸಿ ಪುಸ್ತಕವನ್ನು ಅವಳ ತೊಡೆಯ ಮೇಲಿಟ್ಟೆ.

"ಯಾವ ವಾಕ್ಯ ಓದಲಿ ಅಜ್ಜಿ?"

"ಪುಟ ಓದು."

ಅವಳು ಅಂಚು ಕಪ್ಪಾದ ಒಂದು ಹಾಳೆ ತೆರೆದಳು. ಮೊದಲ ವಾಕ್ಯ ತಡವರಿಸಿ ಓದಿದಳು, ಬಂದವರು ಆಮೆನ್ ಎಂದರು, ಅವಳು ಅಭ್ಯಾಸಬಲದಿಂದ ಪುಸ್ತಕ ಮುಚ್ಚಲು ಹೋದಳು. ನಾನು ಹಾಳೆಗಳ ನಡುವೆ ಕೈ ಇಟ್ಟೆ.

"ಮುಚ್ಚಬ್ಯಾಡ," ಎಂದೆ. "ಮುಂದ ಓದು."